ಲೇಸಿಕ್ ಆದ ಮೇಲೆ ಕಣ್ಣು ಮಂಜಾಗಿದೆಯಾ? ಎಷ್ಟನೇ ದಿನ ಅಂತ ಮೊದಲು ಹೇಳಿ

ಲೇಸಿಕ್ (ಕನ್ನಡಕದ ನಂಬರ್ ತೆಗೆಸುವ ಲೇಸರ್ ಆಪರೇಷನ್) ಮಾಡಿಸಿಕೊಂಡ ಗೆಳೆಯರು ಫೋನ್ ಮಾಡಿ "ಕಣ್ಣು ಸರಿ ಕಾಣ್ತಿಲ್ಲ" ಅಂದರೆ ನಾನು ಮೊದಲು ಕೇಳೋದು ಎಷ್ಟನೇ ದಿನ ಅಂತ. ತೊಂದರೆ ಯಾವಾಗ ಶುರುವಾಯಿತು ಅನ್ನೋದರಲ್ಲೇ ಅರ್ಧ ಉತ್ತರ ಇರುತ್ತದೆ.

ಮೊದಲ ರಾತ್ರಿ ಉರಿ, ನೀರು, ಮರಳು ಬಿದ್ದ ಹಾಗೆ ಚುಚ್ಚೋದು ಮಾಮೂಲು. ಪಿಆರ್‌ಕೆ (ಪದರ ಕತ್ತರಿಸದೆ ಮಾಡುವ ಇನ್ನೊಂದು ಬಗೆಯ ಲೇಸರ್) ಆಗಿದ್ದರೆ ನೋವು ಮೂರು ನಾಲ್ಕು ದಿನ ಇರುತ್ತದೆ. ಆದರೆ ನೋವು ದಿನೇ ದಿನೇ ಏರುತ್ತಿದ್ದರೆ, ಕಣ್ಣು ಕೆಂಪಾಗಿ ಬೆಳಕು ನೋಡೋಕೇ ಆಗದಿದ್ದರೆ, ನಿನ್ನೆ ಓದಿದ ಅಕ್ಷರ ಇವತ್ತು ಕಾಣದಿದ್ದರೆ, ಅದು ಸೋಂಕು ಇರಬಹುದು, ಇಲ್ಲವೇ ಕಣ್ಣಿನ ಮುಂಭಾಗದ ಪಾರದರ್ಶಕ ಭಾಗವಾದ ಕಾರ್ನಿಯಾದ ಮೇಲೆ ಕತ್ತರಿಸಿ ಮಡಚಿದ ಪದರದ (ಡಾಕ್ಟರು ಫ್ಲಾಪ್ ಅಂತಾರೆ) ಅಡಿಯಲ್ಲಿ ಉರಿಯೂತ ಇರಬಹುದು. ನಾಳೆ ನೋಡೋಣ ಅನ್ನಬೇಡಿ, ಅವತ್ತೇ ಹೋಗಿ. ಮಗು ಬೆರಳಿಂದ ತಿವಿದು ಹಠಾತ್ತನೆ ಮಂಜಾದರೂ ಅಷ್ಟೇ, ಫ್ಲಾಪ್ ಜರುಗಿರಬಹುದು. ವರ್ಷಗಳಾದ ಮೇಲೂ ಹೀಗಾಗುತ್ತದೆ.

ಜಾಸ್ತಿ ಜನಕ್ಕೆ ಗೊತ್ತಿಲ್ಲದ್ದು ಎರಡನೇ ವಾರದ ಕಥೆ. ಫ್ಲಾಪ್ ಕೆಳಗಿನ ಉರಿಯೂತ ಸಾಮಾನ್ಯವಾಗಿ ಮೊದಲ ವಾರದಲ್ಲೇ ಕಾಣಿಸುತ್ತದೆ, ಅದಕ್ಕೆ ಮದ್ದು ಸ್ಟೀರಾಯ್ಡ್ ಡ್ರಾಪ್ಸ್. ಎರಡನೇ ವಾರದಲ್ಲಿ ಮಂಜು ಶುರುವಾದರೆ ಅದೇ ಡ್ರಾಪ್ಸ್ ಕಣ್ಣಿನ ಒತ್ತಡ ಏರಿಸಿರಬಹುದು. ನೋಡೋಕೆ ಎರಡೂ ಒಂದೇ ಥರ, ಮದ್ದು ಮಾತ್ರ ಪೂರ್ತಿ ಉಲ್ಟಾ, ಇಲ್ಲಿ ಡ್ರಾಪ್ಸ್ ನಿಲ್ಲಿಸಬೇಕು. ಸಾಲದ್ದಕ್ಕೆ ಪದರದ ಅಡಿಯಲ್ಲಿ ನೀರು ತುಂಬಿದ್ದರೆ ಯಂತ್ರ ಒತ್ತಡವನ್ನು ಕಡಿಮೆ ತೋರಿಸುತ್ತದೆ, ಅದಕ್ಕೇ ಕಾರ್ನಿಯಾದ ಅಂಚಿನಲ್ಲೂ ಅಳೆಯಿರಿ ಅಂತ ಕೇಳಿ. ನಾನು ಬಾಟಲಿಯಲ್ಲಿ ಇನ್ನೂ ಉಳಿದಿದೆ ಅಲ್ವಾ ಅಂತ, ಡಾಕ್ಟರು ಹೇಳಿದ್ದಕ್ಕಿಂತ ನಾಲ್ಕು ದಿನ ಜಾಸ್ತಿ ಹಾಕಿ ಬೈಸಿಕೊಂಡವನು. ಡಾಕ್ಟರನ್ನು ಕೇಳದೆ ಮುಂದುವರಿಸಲೂಬೇಡಿ, ನಿಲ್ಲಿಸಲೂಬೇಡಿ.

ತಿಂಗಳುಗಟ್ಟಲೆ ಕಾಡೋದು ಬಹುಪಾಲು ಒಣಕಣ್ಣು. ಫ್ಲಾಪ್ ಕತ್ತರಿಸುವಾಗ ಕಾರ್ನಿಯಾದ ನರಗಳೂ ಕತ್ತರಿಸುತ್ತವೆ, ಹಾಗಾಗಿ ನೀರು ಬೇಕು ಅನ್ನೋ ಸುದ್ದಿಯೇ ಸರಿಯಾಗಿ ಹೋಗೋದಿಲ್ಲ. ಮನೆಯಲ್ಲೇ ಒಂದು ಪರೀಕ್ಷೆ: ಒಂದು ಕಣ್ಣು ಮುಚ್ಚಿ ಗೋಡೆಯ ಕ್ಯಾಲೆಂಡರ್ ನೋಡಿ, ರೆಪ್ಪೆ ಬಡಿಯಿರಿ. ಬಡಿದ ಕೂಡಲೇ ತಿಥಿ ನಕ್ಷತ್ರದ ಸಣ್ಣಕ್ಷರ ಸ್ಪಷ್ಟವಾಗಿ, ಐದಾರು ಸೆಕೆಂಡಿಗೆ ಮತ್ತೆ ಕದಡಿದರೆ ಒಣಕಣ್ಣು ಅಂತ ಅನುಮಾನಪಡಬಹುದು. ಆಸ್ಪತ್ರೆಯಲ್ಲಿ ಕೆಳರೆಪ್ಪೆಗೆ ಕಾಗದದ ಪಟ್ಟಿ ಸಿಕ್ಕಿಸಿ 5 ನಿಮಿಷ ಬಿಡುತ್ತಾರೆ, 5 ಮಿಲಿಮೀಟರ್ ಕೂಡ ಒದ್ದೆಯಾಗದಿದ್ದರೆ ತುಂಬಾನೇ ಒಣಗಿದೆ. ಪ್ರಿಸರ್ವೇಟಿವ್ ಇಲ್ಲದ ಕೃತಕ ಕಣ್ಣೀರು, ಬಿಸಿ ಬಟ್ಟೆಯ ಶಾಖ, ಎಸಿ ಗಾಳಿಗೆ ಮುಖ ಕೊಡದಿರೋದು, ಇಷ್ಟರಲ್ಲೇ ಬಹಳ ಜನಕ್ಕೆ 6ರಿಂದ 12 ತಿಂಗಳಲ್ಲಿ ತಹಬಂದಿಗೆ ಬರುತ್ತದೆ. ಅಜ್ಜಿ ಹೇಳಿದರೂ ನಂದಿಬಟ್ಟಲ ರಸ, ಹರಳೆಣ್ಣೆ ಮಾತ್ರ ಬೇಡ.

ವರ್ಷಗಳ ನಂತರ ಕನ್ನಡಕದ ಚೀಟಿಯ ಸಿಲಿಂಡರ್ ನಂಬರ್ (ಕಾರ್ನಿಯಾದ ಓರೆಕೋರೆಯ ಅಳತೆ) ಮತ್ತೆ ಮತ್ತೆ ಏರುತ್ತಿದ್ದರೆ, ಅಕ್ಷರಕ್ಕೆ ನೆರಳು ಬಿದ್ದ ಹಾಗೆ ಕಂಡರೆ, ಹೊಸ ಕನ್ನಡಕ ಬರೆಸಿಕೊಂಡು ಸುಮ್ನೆ ಕೂರಬೇಡಿ. ಕಾರ್ನಿಯಾ ತೆಳುವಾಗಿ ಮುಂದಕ್ಕೆ ಉಬ್ಬುತ್ತಿರಬಹುದು. ಟೊಪೋಗ್ರಫಿ (ಕಾರ್ನಿಯಾದ ಆಕಾರದ ನಕ್ಷೆ) ಮಾಡಿಸಿ, ಹಳೆಯದರ ಜೊತೆ ಹೋಲಿಸಿ. ಬೇಗ ಸಿಕ್ಕಿದರೆ ಕ್ರಾಸ್‌ಲಿಂಕಿಂಗ್ (ಕಾರ್ನಿಯಾ ಗಟ್ಟಿ ಮಾಡುವ ಚಿಕಿತ್ಸೆ) ಮಾಡಿ ಅಲ್ಲಿಗೇ ತಡೆಯೋಕೆ ನೋಡುತ್ತಾರೆ. ಕಣ್ಣು ಉಜ್ಜೋ ಚಟ ಇದ್ದರೆ ಇವತ್ತೇ ಬಿಡಿ.

ಆಪರೇಷನ್ನಿಗೆ ಮುಂಚಿನ ರಿಪೋರ್ಟುಗಳ ಫೋಟೋ ತೆಗೆದು ನಿಮಗೆ ನೀವೇ ಮೇಲ್ ಮಾಡಿಟ್ಟುಕೊಳ್ಳಿ. ಅರವತ್ತಕ್ಕೆ ಪೊರೆ ಬಂದಾಗ ಲೆನ್ಸಿನ ಪವರ್ ಲೆಕ್ಕ ಹಾಕುವವರು ಅದನ್ನೇ ಕೇಳುತ್ತಾರೆ.