ಮನೆಯಲ್ಲಿ ಸಾಧನ ಐದು, ವೈಫೈನಲ್ಲಿ ಹನ್ನೊಂದು

ಕಲಬುರಗಿಯ ಬ್ರಹ್ಮಪುರದಲ್ಲಿ ನಮ್ಮ ಮನೆ. ಗೋಡೆಗೆ ಗೋಡೆ ಅಂಟಿದ ಓಣಿ. ಏಪ್ರಿಲ್ ಬಿಸಿಲಿಗೆ ಮಧ್ಯಾಹ್ನ ಯಾರೂ ಹೊರಬೀಳುವುದಿಲ್ಲ. ಸರಿಯಾಗಿ ಆ ಹೊತ್ತಿಗೇ ನಮ್ಮ ವೈಫೈ ತೆವಳುತ್ತಿತ್ತು. ಇಂಟರ್‌ನೆಟ್ ಕೊಟ್ಟವರನ್ನು ಬೈದುಕೊಂಡೇ ಎರಡು ವಾರ ಕಳೆದೆ.

ಕೊನೆಗೆ ರೂಟರ್ ತಳದ ಚೀಟಿಯಲ್ಲಿದ್ದ 192.168.1.1 ಎಂಬ ವಿಳಾಸವನ್ನು ಬ್ರೌಸರ್‌ನಲ್ಲಿ ಹಾಕಿ ಒಳಹೊಕ್ಕೆ. ಸಂಪರ್ಕಗೊಂಡ ಸಾಧನಗಳ ಪಟ್ಟಿಯಲ್ಲಿ ಹನ್ನೊಂದು ಸಾಲು! ಮನೆಯ ಮೊಬೈಲ್‌ಗಳ ವೈಫೈ ಒಂದೊಂದಾಗಿ ಆಫ್ ಮಾಡಿ, ಯಾವ ಸಾಲು ಮಾಯವಾಗುತ್ತದೆ ಎಂದು ಗುರುತು ಹಾಕಿಕೊಂಡೆ. ನಮ್ಮವಲ್ಲದೆ ಉಳಿದ ಆರರಲ್ಲಿ ಒಂದು ಸ್ಮಾರ್ಟ್ ಟಿವಿ. ನಮ್ಮದು ಇನ್ನೂ ಹಳೆಯ ಡಬ್ಬಿ.

ಮೊದಲು ಆ ಆರರ ಮ್ಯಾಕ್ ವಿಳಾಸಗಳನ್ನು, ಅಂದರೆ ಜಾಲದಲ್ಲಿ ಪ್ರತಿ ಸಾಧನವನ್ನೂ ಗುರುತಿಸುವ ಸಂಖ್ಯೆಗಳನ್ನು, ತಡೆದೆ. ದಡ್ಡತನ. ಈಗಿನ ಮೊಬೈಲ್‌ಗಳು ನಿಜವಾದ ಮ್ಯಾಕ್ ವಿಳಾಸವನ್ನು ಮರೆಮಾಡಿ ಬೇರೆಯದನ್ನು ತೋರಿಸಬಲ್ಲವು. ಸಂಜೆಗೆ ಎರಡು ಹೊಸ ವೇಷದಲ್ಲಿ ಹಾಜರಾದವು. ಪಾಸ್‌ವರ್ಡ್ ಬದಲಿಸದೆ ಗತಿಯಿರಲಿಲ್ಲ. ಶರಣಬಸವೇಶ್ವರ ಜಾತ್ರೆಗೆ ಬಂದ ನೆಂಟರ ಹುಡುಗನಿಗೆ ಕೊಟ್ಟದ್ದು ಕ್ಯುಆರ್ ಕೋಡ್ ಮೂಲಕ ಓಣಿಯೆಲ್ಲ ಸುತ್ತಿತ್ತು ಎಂಬುದು ಆಮೇಲೆ ತಿಳಿಯಿತು.

ಹದಿನಾರು ಅಕ್ಷರಗಳ ಹೊಸ ಪಾಸ್‌ವರ್ಡ್, ವೈಫೈ ಸಂಪರ್ಕವನ್ನು ಗೂಢಲಿಪಿಯಲ್ಲಿ ಕಾಯುವ ಡಬ್ಲ್ಯುಪಿಎ2 ಭದ್ರತೆ. ಉಳಿಸು ಎಂದು ಒತ್ತಿದೆ. ಗೋಡೆಯಾಚೆ ಕೇಳುತ್ತಿದ್ದ ಕ್ರಿಕೆಟ್ ವೀಕ್ಷಕ ವಿವರಣೆ ಅರ್ಧ ವಾಕ್ಯಕ್ಕೇ ನಿಂತಿತು. ನಗು ತಡೆಯಲಾಗಲಿಲ್ಲ.

ಪಾಸ್‌ವರ್ಡ್ ಬದಲು ಗುಂಡಿ ಒತ್ತಿಯೋ ಪಿನ್ ಹಾಕಿಯೋ ವೈಫೈಗೆ ಸೇರಿಸುವ ಡಬ್ಲ್ಯುಪಿಎಸ್ ಸೌಲಭ್ಯವನ್ನೂ ಆಫ್ ಮಾಡಿದೆ, ಅದರ ಎಂಟಂಕಿಯ ಪಿನ್ ಊಹಿಸುವುದು ಸುಲಭ ಎಂಬುದು 2011ರಲ್ಲೇ ಬಯಲಾಗಿದೆ. ರೂಟರ್‌ನ ಸ್ವಂತ ಪಾಸ್‌ವರ್ಡ್ ಕಂಪನಿ ಕೊಟ್ಟದ್ದೇ ಇತ್ತು, ಅದೂ ಬದಲಾಯಿತು. ನೆಂಟರಿಗೆ ಈಗ ಪ್ರತ್ಯೇಕ ಅತಿಥಿ ಜಾಲವಿದೆ, ಅವರು ಊರಿಗೆ ಹೊರಟ ದಿನವೇ ಆಫ್ ಮಾಡುತ್ತೇನೆ.