ಬೋರ್ಡ್ ಓದಿದವರಿಗೆ ಅರ್ಥವಾಗುವ ಸಭಾ ನೋಟಿಸ್: ನನ್ನ ಅನುಭವ

ಗ್ರಾಮ ಪಂಚಾಯಿತಿಯ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಆದ ಮೊದಲ ವರ್ಷ ನಾನು ಕಳಿಸಿದ ಒಂದು ಸಭಾ ನೋಟಿಸ್ ತಪ್ಪಾಗಿತ್ತು. ಪಂಚಾಯಿತಿಯ ಸಾಮಾನ್ಯ ಸಭೆ 20ನೇ ತಾರೀಖು, ನೋಟಿಸ್ ಕೊಟ್ಟಿದ್ದು 13ಕ್ಕೆ. ಏಳು ದಿನ ಆಯ್ತು ಅಂದುಕೊಂಡಿದ್ದೆ. ಸಭೆ ಶುರುವಾಗುತ್ತಿದ್ದ ಹಾಗೆ ಹಿರಿಯ ಸದಸ್ಯರೊಬ್ಬರು ಎದ್ದು, "ಇದು ಆರೇ ದಿನ ಆಯ್ತಲ್ಲ ಸಾರ್" ಅಂದರು. ಅವರ ಮಾತೇ ಸರಿ. 1993ರ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ ಕೇಳುವುದು ಏಳು ಪೂರ್ಣ ದಿನ. ನೋಟಿಸ್ ಕೊಟ್ಟ ದಿನ, ಸಭೆಯ ದಿನ ಎರಡೂ ಲೆಕ್ಕಕ್ಕಿಲ್ಲ. 20ಕ್ಕೆ ಸಭೆ ಅಂದರೆ 12ರೊಳಗೆ ಸದಸ್ಯರಿಗೆ ಕೊಟ್ಟಿರಬೇಕು. ವಿಶೇಷ ಸಭೆಗೆ ಮೂರು ಪೂರ್ಣ ದಿನ, ಅಂದರೆ 16ರೊಳಗೆ. ಅವತ್ತಿನ ಸಭೆ ಕೈಬಿಟ್ಟು, ಹೊಸ ನೋಟಿಸ್ ಕೊಟ್ಟು ಮತ್ತೆ ಸೇರಿದೆವು.

ಈಗ ಹತ್ತು ದಿನ ಮುಂಚೆಯೇ ನೋಟಿಸ್ ಸಿದ್ಧ ಇರುತ್ತದೆ. ಬಿಲ್ ಕಲೆಕ್ಟರ್ ಸದಸ್ಯರ ಮನೆಗೇ ಹೋಗಿ ಮುದ್ದಾಂ ಕೊಟ್ಟು, ತಾರೀಖು ಸಮೇತ ಸಹಿ ಹಾಕಿಸಿಕೊಂಡು ಬರುತ್ತಾರೆ. ವಾಟ್ಸಾಪ್ ಗ್ರೂಪಿಗೂ ಹಾಕುತ್ತೇನೆ, ಆದರೆ ಅದನ್ನೇ ನಂಬಿ ಕೂರುವುದಿಲ್ಲ. ಕಚೇರಿಯ ನೋಟಿಸ್ ಬೋರ್ಡಿಗೆ ಅಂಟಿಸುವುದೂ ಕಾನೂನಿನಲ್ಲೇ ಇದೆ. ಅಂಟಿಸಿದ ದಿನವೇ ಫೋಟೊ ತೆಗೆದು ಕಡತಕ್ಕೆ ಸೇರಿಸುತ್ತೇನೆ.

ದಿನ ಎಣಿಸುವುದನ್ನು ಒಂದು ಸಲ ಕಲಿತರೆ ಸಾಕು. ನೋಟಿಸಿನಲ್ಲಿ ಅಜೆಂಡಾ, ಅಂದರೆ ಸಭೆಗೆ ಬರುವ ವಿಷಯಗಳ ಪಟ್ಟಿ, ಬರೆಯುವುದು ಹಾಗಲ್ಲ.

"ಸಂತೆ ಮೈದಾನದ ಬಗ್ಗೆ ಚರ್ಚಿಸಿ ತೀರ್ಮಾನಿಸುವುದು" ಅಂತ ಒಮ್ಮೆ ಬರೆದಿದ್ದೆ. ಹಳೇ ಕಡತಗಳಲ್ಲಿ ಹಾಗೇ ಇತ್ತು, ಸುಮ್ನೆ ಅದನ್ನೇ ಇಳಿಸಿದ್ದೆ. ಸಭೆಯಲ್ಲಿ ತರಕಾರಿ ಸಾಲನ್ನು ಬೇರೆ ಕಡೆಗೆ ಸರಿಸುವ ಠರಾವು (ನಿರ್ಣಯ) ಪಾಸಾಯಿತು. ಮರುದಿನ ಸೊಪ್ಪು ಮಾರುವ ಅಕ್ಕ ಒಬ್ಬರು ಬಂದರು. ಕೂಗಾಡಲಿಲ್ಲ. ನನ್ನನ್ನು ಬೋರ್ಡಿನ ಹತ್ತಿರ ಕರೆದುಕೊಂಡು ಹೋಗಿ ಆ ಸಾಲಿನ ಮೇಲೆ ಬೆರಳಿಟ್ಟರು. "ಇದನ್ನ ಅವತ್ತೇ ಮಗನ ಕೈಲಿ ಓದಿಸಿದೀನಿ ಸಾರ್. ನಮ್ಮನ್ನ ಎಬ್ಬಿಸ್ತೀರಿ ಅಂತ ಇದರಲ್ಲಿ ಎಲ್ಲಿದೆ?"

ಎಲ್ಲೂ ಇರಲಿಲ್ಲ. ಇದ್ದಿದ್ದರೆ ಅವರು ತಮ್ಮ ವಾರ್ಡಿನ ಸದಸ್ಯರನ್ನು ಮೊದಲೇ ಕಂಡು ಮಾತಾಡುತ್ತಿದ್ದರು, ಅಲ್ವಾ? ಆ ಪ್ರಶ್ನೆ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ಅಧ್ಯಕ್ಷರಿಗೆ ಎಲ್ಲ ಹೇಳಿದೆ. ಠರಾವನ್ನು ಜಾರಿ ಮಾಡದೆ ಮುಂದಿನ ಸಭೆಗೆ ಮತ್ತೆ ಇಡೋಣ ಅಂತ ಅವರೂ ಒಪ್ಪಿದರು. ಈ ಸಲ ಬರೆದೆ: "ಸಂತೆ ಮೈದಾನದ ಗೇಟಿನ ಬಳಿಯ ತರಕಾರಿ ಮತ್ತು ಸೊಪ್ಪಿನ ಸಾಲನ್ನು ನೀರಿನ ಟ್ಯಾಂಕ್ ಹಿಂದಿನ ಜಾಗಕ್ಕೆ ಸ್ಥಳಾಂತರಿಸುವ ಬಗ್ಗೆ." ಸಭೆಗೆ ಮುಂಚೆಯೇ ಹದಿನಾಲ್ಕು ಜನ ಸಹಿ ಹಾಕಿದ ಅರ್ಜಿ ಬಂತು. ಟ್ಯಾಂಕ್ ಹಿಂದೆ ಮಳೆ ಬಿದ್ದರೆ ಮೊಣಕಾಲುದ್ದ ನೀರು ನಿಲ್ಲುತ್ತದೆ ಅಂತ ಅದರಲ್ಲಿತ್ತು. ನಮಗ್ಯಾರಿಗೂ ಅದು ಹೊಳೆದಿರಲಿಲ್ಲ. ಸಾಲು ಇದ್ದಲ್ಲೇ ಉಳಿಯಿತು.

ಅಜೆಂಡಾದ ಕೊನೆಯಲ್ಲಿ "ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರೆ ವಿಷಯಗಳು" ಅಂತ ಒಂದು ಸಾಲು ಇರುತ್ತದೆ. ನನಗೆ ಜಾಸ್ತಿ ಭಯ ಆ ಸಾಲಿನದ್ದೇ. ದುಡ್ಡು, ಜಾಗ, ಗುತ್ತಿಗೆ ಈ ಮೂರನ್ನು ಅದರಡಿ ತರುವುದು ಬೇಡ ಅಂತ ಪ್ರತಿ ಅಧ್ಯಕ್ಷರಿಗೂ ಶುರುವಿನಲ್ಲೇ ಹೇಳಿಬಿಡುತ್ತೇನೆ. ಅವಸರ ಇದ್ದರೆ ವಿಶೇಷ ಸಭೆಯ ದಾರಿ ಇದ್ದೇ ಇದೆ. ಮೂರನೇ ಒಂದು ಭಾಗ ಸದಸ್ಯರು ಬರೆದುಕೊಟ್ಟರೆ ಅಧ್ಯಕ್ಷರು ಅದನ್ನು ಕರೆಯಲೇಬೇಕು. ಅವರು ಬರೆದುಕೊಟ್ಟ ವಿಷಯ ನೋಟಿಸಿನಲ್ಲೂ ಇರಬೇಕು.

ಅಂಟಿಸುವ ಮುಂಚೆ ಈಗ ನೋಟಿಸನ್ನು ನಮ್ಮ ನೀರುಗಂಟಿಗೆ ಓದಿ ಹೇಳುತ್ತೇನೆ. ಕಳೆದ ತಿಂಗಳು "ಚರಂಡಿ ಕಾಮಗಾರಿ ಬಗ್ಗೆ" ಅನ್ನುವಲ್ಲಿ ಅವರು ತಡೆದು, "ಯಾವ ಬೀದಿದು ಸಾರ್?" ಅಂದರು. ಬೀದಿಯ ಹೆಸರು ಸೇರಿಸಿ ಮತ್ತೆ ಪ್ರಿಂಟ್ ತೆಗೆದೆ.