ಚಿನ್ನದ ಬಲಿಪೀಠ ಚಿತ್ರದಲ್ಲಿ ಸಂತರನ್ನು ಗುರುತಿಸೋದು ಹೇಗೆ?

ಲಂಡನ್ನಿನ ನ್ಯಾಷನಲ್ ಗ್ಯಾಲರಿಗೆ ಹೋದರೆ, ಕಾರ್ಲೊ ಕ್ರಿವೆಲ್ಲಿ 1476ರಲ್ಲಿ ಇಟಲಿಯ ಆಸ್ಕೊಲಿ ಪಿಚೇನೊ ಊರಿನ ಚರ್ಚಿಗೆ ಬರೆದ ಬಲಿಪೀಠ ಚಿತ್ರದ (ಚರ್ಚಿನ ಪೂಜಾವೇದಿಕೆಯ ಹಿಂದೆ ಇಡುವ ಚಿತ್ರ) ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಮುಖ ಬಿಡಿ, ಕೈ ನೋಡಿ. ಕೀಲಿಕೈ ಹಿಡಿದವರು ಪೀಟರ್. ಮುಳ್ಳಿನ ಚಕ್ರ ಇದ್ದರೆ ಕ್ಯಾಥರೀನ್. ಕಣ್ಣುಗಳನ್ನು ಹಿಡಿದಿದ್ದರೆ, ಹೌದು, ಕಣ್ಣುಗಳನ್ನೇ, ಅದು ಲೂಸಿ.

ಆಮೇಲೆ ಪಕ್ಕಕ್ಕೆ ಸರಿದು ಪೀಟರ್ ಕೀಲಿಗಳನ್ನು ಇನ್ನೊಮ್ಮೆ ನೋಡಿ. ಸುಮ್ನೆ ಬಣ್ಣ ಬಳಿದಿದ್ದಲ್ಲ, ಹಲಗೆಯಿಂದ ಉಬ್ಬಿ ಹೊರಗೇ ಬಂದಿವೆ! ನಮ್ಮ ಮೈಸೂರು ಚಿತ್ರಗಳ ಗೆಸ್ಸೊ (ಪುಡಿ, ಅಂಟು ಕಲಸಿ ಮಾಡುವ ಉಬ್ಬು ಲೇಪ) ಕೆಲಸದ ಹಾಗೇ, ಆದರೆ ಉಬ್ಬು ಜಾಸ್ತಿ. ಆಗಿನ ಇಟಲಿಯಲ್ಲಿ ಚಿನ್ನದ ರೇಕನ್ನು ಕೆಂಪು ಜೇಡಿಮಣ್ಣಿನ ಲೇಪದ ಮೇಲೆ ಕೂರಿಸಿ, ಉಜ್ಜಿ ಹೊಳಪು ತರುತ್ತಿದ್ದರು; ಇಂಥ ಚಿತ್ರಗಳಲ್ಲಿ ಚಿನ್ನ ಸವೆದ ಕಡೆ ಆ ಕೆಂಪು ಇಣುಕುತ್ತದೆ. ಫೋಟೊ ತೆಗೆಯಬಹುದು, ಫ್ಲ್ಯಾಶ್ ಮಾತ್ರ ಬೇಡ.